ಥೀಮ್ ಪಾರ್ಕ್‌ನಲ್ಲಿ ಇಂಟರ್ನ್‌ಶಿಪ್: ಕಾಸರಗೋಡಿನಿಂದ ಹೊರಡುವ ಮುಂಚೆ

ಕೊಚ್ಚಿ ಹತ್ತಿರದ ವಂಡರ್‌ಲಾ ಶುರುವಾದದ್ದು 2000ದಲ್ಲಿ, ಬಿಡದಿಯದ್ದು 2005ರಲ್ಲಿ. ಎರಡೂ ಕಡೆ ಕೇಳಿ ನೋಡಿ. ಕನ್ನಡ, ಮಲಯಾಳಂ, ತುಳು ಮೂರೂ ಬರುತ್ತವೆ ಅಂತ ಅರ್ಜಿಯ ಮೊದಲ ಸಾಲಲ್ಲೇ ಬರೆಯಿರಿ, ನಮ್ಮ ಊರಿನವರ ದೊಡ್ಡ ಬಲ ಅದೇ ಅಲ್ವಾ?

ಹೊಸ ಶೂ ಬೇಡ. ಕುಂಬಳೆ ಪೇಟೆಯಲ್ಲಿ ನಾಲ್ಕು ದಿನ ಹಾಕಿ ತಿರುಗಾಡಿದ್ದು ಇರಲಿ, ನಿಲ್ಲುವ ಕೆಲಸವೇ ಜಾಸ್ತಿ.

ರೈಡ್ ಹತ್ತಿರ ಕೆಲಸಕ್ಕೆ ಹಾಕಿದರೆ ಮಕ್ಕಳ ಎತ್ತರ ಅಳೆಯುವುದೇ ಕಷ್ಟ. ನಾನಿದ್ದಾಗ ಒಂದು ಮಗು ಎತ್ತರದ ಗೆರೆಗಿಂತ ಎರಡು ಬೆರಳು ಗಿಡ್ಡ ಇತ್ತು, ಅಳು ಶುರುವಾಯಿತು. ನಾನು ಮಂಡಿಯೂರಿ ಕೂತು, "ಪುಟ್ಟಾ, ಇವತ್ತು ಆ ಸಣ್ಣ ರೈಡ್‌ಗೆ ಹೋಗು, ಇದು ಮುಂದಿನ ವರ್ಷಕ್ಕೆ" ಅಂದೆ. ಅಪ್ಪ ಎಷ್ಟೇ ಕೇಳಿಕೊಂಡರೂ ಬಿಡಬೇಡಿ, ಸೀಟಿನ ಬಾರ್ ಸಣ್ಣ ಮೈಗೆ ಸರಿಯಾಗಿ ಕೂರುವುದಿಲ್ಲ. ಪ್ರತಿ ಬಾರ್ ಕೈಯಿಂದ ಎಳೆದು ನೋಡಿ.

ಸರ್ಟಿಫಿಕೇಟ್ ಯಾವಾಗ ಕೊಡುತ್ತಾರೆ ಅಂತ ಸೇರುವಾಗಲೇ ಕೇಳಿ.