ಆರು ನಾಟಿ ಕೋಳಿಗೆ ಅಗ್ಗದ ಹಿತ್ತಲ ಗೂಡು

ಹಗಲೆಲ್ಲ ಹೊರಗೆ ಮೇಯುವ ಆರು ನಾಟಿ ಕೋಳಿಗೆ ರಾತ್ರಿ ತಂಗಲು 4 ಅಡಿ ಉದ್ದ, 3 ಅಡಿ ಅಗಲ, 3 ಅಡಿ ಎತ್ತರದ ಗೂಡು ಸಾಕು. ಗೋಡೆ, ನೆಲ ಎರಡಕ್ಕೂ ಅಡಿಕೆ ದಬ್ಬೆ (ಅಡಿಕೆ ಮರದ ಸೀಳು), ಬಯಲುಸೀಮೆಯವರಾದರೆ ಬಿದಿರು.

ಕಂಬಗಳನ್ನು ಮಣ್ಣಿಗೆ ಹೂಳಬೇಡಿ, ಗೆದ್ದಲು ಹಿಡಿಯುತ್ತದೆ. ಕಲ್ಲಿನ ಮೇಲೆ ನಿಲ್ಲಿಸಿ, ನೆಲವನ್ನು 2 ಅಡಿ ಮೇಲಕ್ಕೆ ಕಟ್ಟಿ. ದಬ್ಬೆಗಳ ನಡುವೆ ಮುಕ್ಕಾಲು ಇಂಚು ಸಂದಿ ಇರಲಿ: ಕಡಿಮೆಯಾದರೆ ಹಿಕ್ಕೆ ಅಂಟಿಕೊಳ್ಳುತ್ತದೆ, ಹೆಚ್ಚಾದರೆ ಕಾಲು ಸಿಕ್ಕಿಕೊಳ್ಳುತ್ತದೆ. ಮರಿಗಳಿದ್ದರೆ ಮೇಲೆ ಗೋಣಿಚೀಲ ಹಾಸಿ.

ಕೂರುವ ಕೋಲು ಕೋಳಿಗೆ 8 ಇಂಚಿನ ಲೆಕ್ಕದಲ್ಲಿ ಸರಿಯಾಗಿ 4 ಅಡಿ. ಮೊಟ್ಟೆಯ ಬುಟ್ಟಿ ಎರಡು ಸಾಕು, ಆದರೆ ಕೋಲಿಗಿಂತ ಕೆಳಗಿರಬೇಕು. ಎತ್ತರದ ಜಾಗ ಸಿಕ್ಕರೆ ಕೋಳಿ ಅಲ್ಲೇ ಮಲಗಿ ಮೊಟ್ಟೆ ಹೊಲಸು ಮಾಡುತ್ತದೆ.

ಚೌಕಾಸಿ ಮಾಡಬಾರದ್ದು ಗೋಡೆಗೆ ಬಡಿಯುವ ಜಾಲರಿಯಲ್ಲಿ. ಆರು ಮೂಲೆಯ ತೆಳು ಜಾಲರಿ ಕೋಳಿಯನ್ನು ಒಳಗಿಡುತ್ತದೆ ಅಷ್ಟೆ, ನಾಯಿಯನ್ನು ಹೊರಗಿಡುವುದಿಲ್ಲ. ಅರ್ಧ ಇಂಚು ಕಣ್ಣಿನ ವೆಲ್ಡ್ ಜಾಲರಿ ತನ್ನಿ. ತಗಡಿನ ಮಾಡಿನ ಕೆಳಗೆ ಸುತ್ತಲೂ 6 ಇಂಚು ಗಾಳಿಗೆ ಬಿಟ್ಟು, ಅದಕ್ಕೂ ಇದನ್ನೇ ಬಡಿಯಿರಿ. ಗಾಳಿಯಾಡದ ಗೂಡಿನಲ್ಲಿ ಹಿಕ್ಕೆಯ ಘಾಟಿಗೇ ನೆಗಡಿ ಶುರುವಾಗುತ್ತದೆ.