ಜಿಡ್ಡಿಗೆ ಸೋಡಾ, ಬಿಳಿ ಕರೆಗೆ ಹುಳಿ

ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಮನೆಯಲ್ಲಿ ಮುಖ್ಯವಾಗಿ ಎರಡು ಬಗೆಯ ಕೊಳೆ. ಸ್ನಾನದ ಮನೆಯ ನಲ್ಲಿ, ಬಕೆಟ್, ಟೈಲ್ಸ್‌ಗಳ ಮೇಲೆ ಬೋರ್‌ವೆಲ್ ನೀರು ಬಿಟ್ಟುಹೋಗುವ ಬಿಳಿ ಕರೆ ಒಂದು. ಅಡುಗೆಮನೆಯ ಗೋಡೆಗೂ ಎಕ್ಸಾಸ್ಟ್ ಫ್ಯಾನಿಗೂ ಅಂಟುವ ಒಗ್ಗರಣೆಯ ಜಿಡ್ಡು ಇನ್ನೊಂದು. ಮೊದಲನೆಯದು ಸುಣ್ಣದ ಅಂಶ, ಅದು ಹುಳಿಗೆ ಕರಗುತ್ತದೆ. ಎರಡನೆಯದು ಎಣ್ಣೆ, ಅದಕ್ಕೆ ಕ್ಷಾರ ಬೇಕು. ಇಷ್ಟು ತಿಳಿದ ಮೇಲೆ ಸಿಂಕಿನ ಕೆಳಗೆ ಸಾಲಾಗಿ ನಿಂತಿದ್ದ ಬಣ್ಣದ ಬಾಟಲಿಗಳಲ್ಲಿ ಹೆಚ್ಚಿನವನ್ನು ಕೊಳ್ಳುವುದನ್ನೇ ಬಿಟ್ಟೆ.

ಬಿಳಿ ಕರೆಗೆ ನಾನು ಬಳಸುವುದು ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲದ ಹರಳು. ಇಲ್ಲಿನ ಕಿರಾಣಿ ಅಂಗಡಿಯಲ್ಲಿ ಲಿಂಬೂ ಸತ್ವ ಎಂದು ಕೇಳಿದರೆ ಕೊಡುತ್ತಾರೆ. ಒಂದು ಲೀಟರ್ ಬೆಚ್ಚಗಿನ ನೀರಿಗೆ ಎರಡು ದೊಡ್ಡ ಚಮಚ ಸಾಕು. ಅದರಲ್ಲಿ ಹಳೆಯ ಬಟ್ಟೆ ಅದ್ದಿ, ನಲ್ಲಿಯ ಸುತ್ತ ಕಟ್ಟಿ, ಅರ್ಧ ಗಂಟೆ ಬಿಟ್ಟು ಉಜ್ಜಿ ತೊಳೆಯುತ್ತೇನೆ. ಬಿಳಿ ವಿನೆಗರ್ ಕೂಡ ಆದೀತು, ಆದರೆ ಅದರಲ್ಲಿ ಆಮ್ಲ ಇರುವುದು ಶೇಕಡಾ 4ರ ಆಸುಪಾಸು. ದಪ್ಪ ಕರೆಗೆ ನಿಂಬೆ ಉಪ್ಪೇ ಚುರುಕು, ವಾಸನೆಯೂ ಇಲ್ಲ. ಅಡುಗೆಕಟ್ಟೆಗೆ ಮಾತ್ರ ಹುಳಿ ಮುಟ್ಟಿಸುವುದಿಲ್ಲ. ಮುಂಬಯಿಯ ಹಳೆಯ ಫ್ಲ್ಯಾಟುಗಳಲ್ಲಿ ಹಾಕಿರುವ ಕಪ್ಪು ಕಡಪ ಕಲ್ಲು ಸುಣ್ಣಕಲ್ಲೇ. ನಲ್ಲಿಯ ಕರೆಯನ್ನು ಕರಗಿಸುವ ಹುಳಿ ಕಲ್ಲಿನ ಹೊಳಪನ್ನೂ ತಿನ್ನುತ್ತದೆ. ಅಮೃತಶಿಲೆಗೂ ಇದೇ ಮಾತು.

ಜಿಡ್ಡಿಗೆ ವಾಷಿಂಗ್ ಸೋಡಾ. ಬಿಸಿನೀರಿನಲ್ಲಿ ಕರಗಿಸಿ, ಫ್ಯಾನಿನ ಪ್ಲಾಸ್ಟಿಕ್ ರೆಕ್ಕೆಗಳನ್ನು ಬಿಚ್ಚಿ ಮುಳುಗಿಸಿಟ್ಟರೆ ಉಜ್ಜುವ ಕೆಲಸ ಅರ್ಧ ಉಳಿಯುತ್ತದೆ. ಕೈಗವಸು ಬೇಕೇ ಬೇಕು, ಚರ್ಮದ ಎಣ್ಣೆಯನ್ನೂ ಅದು ಬಿಡುವುದಿಲ್ಲ. ಅಲ್ಯೂಮಿನಿಯಂ ಪಾತ್ರೆಗೂ ಜಾಲರಿಗೂ ಸೋಡಾ ಹಾಕಬಾರದು, ಕಪ್ಪಾಗುತ್ತವೆ. ಒಳಗೆ ಕಪ್ಪಾದ ಅಲ್ಯೂಮಿನಿಯಂ ಕುಕ್ಕರಿಗೆ ಹುಣಸೆಹಣ್ಣು ಅಥವಾ ನಿಂಬೆಸಿಪ್ಪೆ ಹಾಕಿ ನೀರು ಕುದಿಸಿದರೆ ತಿಳಿಯಾಗುತ್ತದೆ. ಗ್ಯಾಸ್ ಒಲೆಯ ದಿನನಿತ್ಯದ ಕೊಳೆಗೆ ಅಡುಗೆ ಸೋಡಾ ಸಾಕು. ಊರಿನಲ್ಲಿ ಒಲೆಯ ಬೂದಿಯಿಂದ ಪಾತ್ರೆ ತಿಕ್ಕುತ್ತಿದ್ದುದರ ಹಿಂದೆಯೂ ಇದೇ ಗುಟ್ಟು ಇದೆ: ಕಟ್ಟಿಗೆಯ ಬೂದಿಯಲ್ಲಿ ಕ್ಷಾರವಿದೆ.

ಸೋಡಾಕ್ಕೆ ವಿನೆಗರ್ ಸುರಿದು ನೊರೆ ಎಬ್ಬಿಸುವ ವಿಡಿಯೊಗಳನ್ನು ಎಲ್ಲರೂ ನೋಡಿರುತ್ತೀರಿ. ದಯವಿಟ್ಟು ಹಾಗೆ ಮಾಡಬೇಡಿ. ಹುಳಿಯೂ ಕ್ಷಾರವೂ ಸೇರಿದರೆ ಒಂದರ ಬಲವನ್ನು ಇನ್ನೊಂದು ಕಳೆಯುತ್ತದೆ. ಗುಳ್ಳೆ ಹೋದ ಮೇಲೆ ಉಳಿಯುವುದು ಹೆಚ್ಚುಕಡಿಮೆ ಉಪ್ಪುನೀರು. ಕಟ್ಟಿಕೊಂಡ ಮೋರಿಯಲ್ಲಿ ಕೂದಲು ಸಿಕ್ಕಿದ್ದರೆ ಯಾವ ನೊರೆಯೂ ಅದನ್ನು ಕರಗಿಸದು, ಕೊಕ್ಕೆ ಹಾಕಿ ಎಳೆಯಲೇಬೇಕು.

ಹುಳಿಗೆ ಬಿಡುವ ಕೊಳೆಯೂ ಜಿಡ್ಡೂ ಒಂದರ ಮೇಲೊಂದು ಕೂರುವುದು ದೇವರ ದೀಪಗಳ ಮೇಲೆ. ಕೆಳಗೆ ಹಿತ್ತಾಳೆಯ ಕಿಲುಬು, ಮೇಲೆ ಎಣ್ಣೆ ಮತ್ತು ಮಸಿ. ಕುಂದಾಪುರದಿಂದ ನಮ್ಮ ಅತ್ತೆ ಬಂದಾಗ ಹೇಳಿಕೊಟ್ಟ ಕ್ರಮವನ್ನೇ ಇಂದಿಗೂ ಅನುಸರಿಸುತ್ತೇನೆ. "ಎಣ್ಣೆ ತೆಗೆಯದೆ ಹುಳಿ ಹಚ್ಚಬೇಡ ಮಗಳೇ, ಜಾರಿ ಹೋಗುತ್ತದೆ" ಎನ್ನುತ್ತಿದ್ದರು. ಮೊದಲು ಬತ್ತಿ ತೆಗೆದು, ಒಣ ಕಡಲೆಹಿಟ್ಟು ಉದುರಿಸಿ ದೀಪವನ್ನು ತಿಕ್ಕುತ್ತೇನೆ. ಹಿಟ್ಟು ಎಣ್ಣೆಯನ್ನೂ ಮಸಿಯನ್ನೂ ಹೀರಿ ಉಂಡೆಯಾಗುತ್ತದೆ. ಅದನ್ನು ಕಾಗದದಲ್ಲಿ ಸುತ್ತಿ ಕಸಕ್ಕೆ ಹಾಕುತ್ತೇನೆ, ಸಿಂಕಿಗೆ ಬಿಡುವುದಿಲ್ಲ. ಬಳಿಕ ಬಿಸಿನೀರಿನಲ್ಲಿ ಒಮ್ಮೆ ತೊಳೆದು, ಸಾರಿಗೆ ಹಿಂಡಿ ಉಳಿದ ಹುಣಸೆಹಣ್ಣಿಗೆ ಕಲ್ಲುಪ್ಪು ಬೆರೆಸಿ ಉಜ್ಜುವುದು. ಹುಣಸೆಯ ಹುಳಿ ಕಿಲುಬನ್ನು ಬಿಡಿಸುತ್ತದೆ, ಉಪ್ಪಿನ ಹರಳು ಉಜ್ಜಲು ಒದಗುತ್ತದೆ. ಕೊಂಬೆ, ಕೆತ್ತನೆಯ ಸಂದುಗಳಿಗೆ ತೆಂಗಿನ ನಾರು. ಹುಳಿ ಹಚ್ಚಿ ಬಹಳ ಹೊತ್ತು ಬಿಡಬಾರದು, ಹಿತ್ತಾಳೆ ಕೆಂಪಡರುತ್ತದೆ. ತೊಳೆದ ಕೂಡಲೇ ಹತ್ತಿಬಟ್ಟೆಯಿಂದ ಒರೆಸುವುದು ಎಲ್ಲಕ್ಕಿಂತ ಮುಖ್ಯ. ಇಲ್ಲಿಯ ತೇವದ ಗಾಳಿಯಲ್ಲಿ ತಾನೇ ಆರಲಿ ಎಂದು ಬಿಟ್ಟರೆ ಸಂಜೆಯೊಳಗೆ ಚುಕ್ಕಿ ಬೀಳುತ್ತದೆ.

ನೆಲಕ್ಕೂ ರೇಷ್ಮೆ ಸೀರೆಗೂ ಅಂಟುವಾಳ. ಸೆಂಟ್ರಲ್ ಲೈನಿನ ನಿಧಾನ ಗಾಡಿ ಹಿಡಿದು ಮಾಟುಂಗಾಕ್ಕೆ ಹೋದಾಗ ಬಾಳೆಎಲೆ, ಕಾಫಿಪುಡಿಯ ಜೊತೆ ಇದನ್ನೂ ತರುತ್ತೇನೆ. ಬೀಜ ತೆಗೆದು, ಒಂದು ಹಿಡಿ ಕಾಯಿಯನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಕುದಿಸಿ, ಕಿವುಚಿ ಸೋಸಿದರೆ ಕಂದು ಬಣ್ಣದ ನೊರೆನೀರು ಸಿಗುತ್ತದೆ. ಹೊರಗಿಟ್ಟರೆ ಬೇಗ ಹುಳಿಯುವುದರಿಂದ ಫ್ರಿಜ್ಜಿನಲ್ಲಿಡಬೇಕು, ಅಲ್ಲಿಯೂ ಕೆಲವೇ ದಿನ ಬಾಳುತ್ತದೆ. ಕಣ್ಣಿಗೆ ಸಿಡಿದರೆ ವಿಪರೀತ ಉರಿ, ಮಕ್ಕಳನ್ನು ದೂರವಿಡಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೂಷ್ಟಿನ ಕಾಲ. ಕಪಾಟಿನ ಒಳಬದಿಗೆ ನೀರು ಬೆರೆಸದ ವಿನೆಗರ್ ಒರೆಸಿ, ಒಂದು ಗಂಟೆ ಬಿಟ್ಟು ಒದ್ದೆ ಬಟ್ಟೆಯಿಂದ ತೆಗೆದು, ಫ್ಯಾನ್ ಹಾಕಿ ಬಾಗಿಲು ತೆರೆದಿಡುತ್ತೇನೆ. ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ಮುಂದಕ್ಕೆ ಎಳೆದದ್ದರಿಂದ ಆದ ಉಪಕಾರ ವಿನೆಗರ್‌ಗಿಂತ ಹೆಚ್ಚು. ಗೋಡೆಯೇ ಸೋರುತ್ತಿದ್ದರೆ ಮೊದಲು ಸೋರಿಕೆ ನಿಲ್ಲಬೇಕು.

ಅಡುಗೆಮನೆಯ ಸಾಮಾನಿಗೆ ಒಂದು ಮಿತಿಯಿದೆ. ಅದು ಕೊಳೆ ತೆಗೆಯುತ್ತದೆ, ರೋಗಾಣು ಸಾಯುತ್ತದೆಂದು ನಂಬಿ ಕೂರುವಂತಿಲ್ಲ. ಮನೆಯಲ್ಲಿ ಯಾರಿಗಾದರೂ ವಾಂತಿಭೇದಿಯಾದರೆ ಶೌಚಾಲಯಕ್ಕೆ ಬ್ಲೀಚಿಂಗ್ ಪೌಡರನ್ನೇ ಬಳಸುತ್ತೇನೆ, ಅದೂ ಕಿಟಕಿ ತೆರೆದು. ಆ ದಿನ ಅಲ್ಲಿ ವಿನೆಗರ್, ನಿಂಬೆ ಉಪ್ಪು ಯಾವುದನ್ನೂ ಬಳಸುವುದಿಲ್ಲ. ಬ್ಲೀಚಿಂಗ್ ಪೌಡರಿಗೆ ಹುಳಿ ತಗಲಿದರೆ ಕ್ಲೋರಿನ್ ಅನಿಲ ಏಳುತ್ತದೆ, ನಮ್ಮ ಇಷ್ಟಗಲದ ಬಾತ್‌ರೂಮುಗಳಲ್ಲಿ ಅದು ಉಸಿರಿಗೆ ಅಪಾಯ.