ಚಳಿಗೆ ಮುಂಚೆ ಬಚ್ಚಲ ಒಲೆ

ನರಕ ಚತುರ್ದಶಿಯ ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಹಂಡೆ ತಿಕ್ಕಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಹೂವಿಟ್ಟು ನೀರು ತುಂಬುತ್ತೇವೆ. ನಮ್ಮತ್ತೆಗೆ ಅದು ಎಷ್ಟು ಪೂಜೆಯೋ ಅಷ್ಟೇ ರಿಪೇರಿ ಕೆಲಸ. ಚಳಿ ಶುರುವಾಗುವ ಹೊತ್ತಿಗೆ ಬಚ್ಚಲಿನ ಒಲೆ, ಹಂಡೆ, ಹೊಗೆಗೂಡು ಎಲ್ಲಾ ಒಂದು ಸಲ ಅವರ ಕೈಗೆ ಸಿಕ್ಕಿರಬೇಕು. ಈಗ ನಾವು ಗೀಸರಿಗೂ ಕುಂಕುಮ ಹಚ್ಚುತ್ತೇವೆ, ಒಳಗೇನಾಗಿದೆ ಅಂತ ಮಾತ್ರ ನೋಡುವುದಿಲ್ಲ.

ಮಂಡ್ಯದ ನಮ್ಮ ಮನೆಯಲ್ಲಿ ತಾಮ್ರದ ಬಾಯ್ಲರ್ ಇನ್ನೂ ಇದೆ. ನಡುವೆ ಹೊಗೆ ಕೊಳವೆ, ಸುತ್ತ ನೀರು, ಕೆಳಗೆ ಬೆಂಕಿ. ತೆಂಗಿನ ಮಟ್ಟೆ, ಚಿಪ್ಪು, ಸೌದೆ ಏನು ಹಾಕಿದರೂ ಉರಿಯುತ್ತೆ. ಕಬ್ಬಿನ ತರಗು ಬೇಡ, ಭಗ್ಗನೆ ಹತ್ತಿ ಅಷ್ಟೇ ಬೇಗ ಆರಿಹೋಗುತ್ತೆ. ಮೊದಲು ಬೂದಿ ಪೂರ್ತಿ ತೆಗೆಯಿರಿ. ಉದ್ದ ಕೋಲಿಗೆ ಗೋಣಿ ಸುತ್ತಿ ಕೊಳವೆಯ ಮಸಿ ಉಜ್ಜಿ. ಮಸಿ ದಪ್ಪಗಾದರೆ ಕಾವು ನೀರಿಗೆ ತಾಕುವುದಿಲ್ಲ, ಸೌದೆ ಸುಮ್ನೆ ದಂಡ. ಒಳಗಿನ ಬಿಳಿ ಪೊರೆಗೆ ನೀರಿನಲ್ಲಿ ಹುಣಸೆಹಣ್ಣು ಕಿವುಚಿ ಹಾಕಿ, ಬೆಚ್ಚಗೆ ಮಾಡಿ ರಾತ್ರಿಯೆಲ್ಲಾ ಬಿಡಿ. ಬೆಳಿಗ್ಗೆ ಆ ನೀರನ್ನು ಚೆಲ್ಲಿ ಎರಡು ಮೂರು ಸಲ ತೊಳೆಯಿರಿ. ನಮ್ಮದು ಬೋರ್ ನೀರು, ಗಡಸು, ಹಾಗಾಗಿ ಪೊರೆ ಬೇಗ ಕಟ್ಟುತ್ತೆ.

ನೀರು ತುಂಬದೆ ಬೆಂಕಿ ಹಾಕಲೇಬೇಡಿ. ಒಂದು ವರ್ಷ ತುಂಬಿದೆ ಅಂದುಕೊಂಡು ನಾನೇ ಉರಿ ಹಾಕಿದ್ದೆ. ಅರ್ಧ ಗಂಟೆಯಲ್ಲಿ ಬುಡದ ಬೆಸುಗೆ ಬಿಟ್ಟುಕೊಂಡಿತು. ಬಾಯ್ಲರಿನ ಬಾಯಿಗೆ ಬಟ್ಟೆ ಬಿಗಿದು ಮುಚ್ಚುವುದೂ ಬೇಡ. ಹಬೆಗೆ ದಾರಿ ಇರಬೇಕು.

ಅಮೆರಿಕದಲ್ಲಿ ಮಗಳ ಹಳೇ ಮನೆಗೆ ಹೋದಾಗಲೂ ಇದೇ ಕಂಡೆ. ನೆಲಮಾಳಿಗೆಯಲ್ಲಿ ದೊಡ್ಡ ಬಾಯ್ಲರ್, ಅದರ ಹಬೆ ಕೊಳವೆಗಳಲ್ಲಿ ಹತ್ತಿ ಕೋಣೆಕೋಣೆಯ ಕಬ್ಬಿಣದ ರೇಡಿಯೇಟರಿಗೆ ಹೋಗಿ ಮನೆ ಬೆಚ್ಚಗಾಗುತ್ತೆ. ಪಕ್ಕದಲ್ಲಿ ಒಂದು ಗಾಜಿನ ನಳಿಕೆ, ಅದರಲ್ಲಿ ನೀರಿನ ಮಟ್ಟ ಕಾಣುತ್ತೆ. ನೀರು ಕಮ್ಮಿಯಾದರೆ ಬೆಂಕಿ ತಾನೇ ಆರಿಸುವ ಸಾಧನವೂ ಇದೆ. ಅದರಲ್ಲಿ ಕೆಸರು ಕೂತರೆ ಕೆಲಸ ಕೆಡುತ್ತೆ ಅಂತ ಚಳಿಗಾಲದಲ್ಲಿ ಅಳಿಯ ವಾರಕ್ಕೊಮ್ಮೆ ಕೊಳೆ ನೀರು ಬಸಿಯುತ್ತಾನೆ. ನನಗೂ ಅಂಥದ್ದೊಂದು ಇದ್ದಿದ್ದರೆ ಬೆಸುಗೆ ಉಳಿಯುತ್ತಿತ್ತು, ಅಲ್ವಾ?

ಕರೆಂಟ್ ಗೀಸರ್ ಇದ್ದವರು ಸದ್ದಿಗೆ ಕಿವಿ ಕೊಡಿ. ಕಾಯುವಾಗ ಗುರುಗುರು, ಟಕಟಕ ಅಂದರೆ ಕಾಯಿಲ್ ಮೇಲೆ ಪೊರೆ ಕಟ್ಟಿದೆ ಅಂತ. ಎಲೆಕ್ಟ್ರಿಷಿಯನ್ ಬಂದು ಬಿಚ್ಚಿದಾಗ ಮೆಗ್ನೀಸಿಯಂ ಕಡ್ಡಿಯನ್ನೂ ತೋರಿಸಲು ಹೇಳಿ. ಟ್ಯಾಂಕ್ ತುಕ್ಕು ಹಿಡಿಯದಿರಲಿ ಅಂತ ತಾನೇ ಸವೆಯುವ ಕಡ್ಡಿ ಅದು, ಸಣ್ಣಗಾಗಿದ್ದರೆ ಬದಲಿಸಬೇಕು. ಅರ್ಥಿಂಗ್ ಕೂಡ ನೋಡಿಸಿ.

ಸೇಫ್ಟಿ ವಾಲ್ವ್ ವಿಷಯ ಒಂದು ಹೇಳಲೇಬೇಕು. ನೀರು ಕಾದಾಗ ಹಿಗ್ಗುತ್ತೆ, ಹೆಚ್ಚಿನ ಒತ್ತಡ ಅಲ್ಲಿಂದ ಹೊರಗೆ ಹೋಗುತ್ತೆ. ಕೆಲವೊಮ್ಮೆ ನಾಲ್ಕು ಹನಿ ತೊಟ್ಟಿಕ್ಕುವುದುಂಟು. ನಮ್ಮ ಮನೆಗೆ ಬಂದ ಒಬ್ಬ ಪ್ಲಂಬರ್ ತೊಟ್ಟಿಕ್ಕುತ್ತೆ ಅಂತ ಅದಕ್ಕೆ ಪ್ಲಗ್ ಹೊಡೆದು ಹೋಗಿದ್ದ. ಯಜಮಾನರು ನೋಡಿ ಅವತ್ತೇ ತೆಗೆಸಿದರು. ಜಾಸ್ತಿ ಸೋರಿದರೆ ವಾಲ್ವ್ ಬದಲಿಸಿ, ಬಾಯಿ ಮುಚ್ಚಿಸಬೇಡಿ.

ಗ್ಯಾಸ್ ಗೀಸರ್ ಬಚ್ಚಲ ಒಳಗೆ ಬೇಡವೇ ಬೇಡ. ಚಳಿ ಅಂತ ಕಿಟಕಿ ಮುಚ್ಚಿದರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತೆ. ಅದಕ್ಕೆ ವಾಸನೆಯೇ ಇಲ್ಲ, ಸ್ನಾನಕ್ಕೆ ಹೋದವರು ಎಚ್ಚರ ತಪ್ಪಿ ಬೀಳುತ್ತಾರೆ. ಹೊರಗೆ ಗಾಳಿಯಾಡುವ ಕಡೆ ಹಾಕಿಸಿ. ಕೆಂಡದ ಬಾಣಲೆಯನ್ನು ಮಲಗುವ ಕೋಣೆಗೆ ತರುವುದೂ ಅಷ್ಟೇ ಅಪಾಯ.

ಮೈಸೂರಿನಲ್ಲಿ ಮಗನ ಮನೆ ಮೇಲೆ ಸೋಲಾರ್ ಇದೆ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುತ್ತಾನೆ. ಬೇಸಿಗೆಯಲ್ಲಿ ತೊಂದರೆ ಕೊಡದ ತೆಂಗಿನ ಗರಿಯ ನೆರಳು ಆಗ ಗಾಜಿನ ಮೇಲೆ ಬೀಳುತ್ತೆ. ಹಬ್ಬಕ್ಕೆ ಮುಂಚೆ ಗರಿ ಕಡಿಸಿ, ಗಾಜಿನ ದೂಳನ್ನು ಬೆಳಿಗ್ಗೆ ತಂಪು ಹೊತ್ತಿನಲ್ಲೇ ಒರೆಸಿ. ಮಧ್ಯಾಹ್ನ ಕಾದ ಗಾಜಿಗೆ ತಣ್ಣೀರು ಎರಚಿದರೆ ಒಡೆಯಬಹುದು. ಬಿಸಿನೀರಿನ ಪೈಪಿಗೆ ಫೋಮ್ ಸುತ್ತಿಸಿ. ಆದರೂ ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಮೊದಲು ಬರುವುದು ಪೈಪಿನಲ್ಲಿ ನಿಂತ ತಣ್ಣೀರೇ. ಅದನ್ನು ಬಕೆಟ್ಟಿಗೆ ಹಿಡಿದು ಬಟ್ಟೆ ನೆನೆಸುವುದಕ್ಕೆ ಇಟ್ಟುಕೊಳ್ಳಿ.